20 ನಿಮಿಷ ಇದ್ದು ಮಾಯವಾದ ಪೋಸ್ಟ್: ಸೋಷಿಯಲ್ ಮೀಡಿಯಾ ಕಾಲದಲ್ಲಿ ಸಾಕ್ಷಿ ಹುಡುಕುವ ಕಷ್ಟ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾತ್ರಿ 11 ಗಂಟೆಗೆ ಸುಳ್ಳು ಹೆಸರಿನ ಒಂದು ಅಕೌಂಟ್‌ನಿಂದ ಯಾರೋ ಒಬ್ಬ ಯುವತಿಯ ಫೋಟೊ ಹಾಕಿ, ಕೆಳಗೆ ಬೆದರಿಕೆ ಬರೆಯುತ್ತಾರೆ. 20 ನಿಮಿಷಕ್ಕೆ ಪೋಸ್ಟ್ ಡಿಲೀಟ್ ಆಗುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಆ ಅಕೌಂಟೇ ಇರುವುದಿಲ್ಲ. ಅಷ್ಟರೊಳಗೆ ಆಕೆಯ ಗೆಳತಿ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಾಳೆ. ಬೆಳಿಗ್ಗೆ ದೂರು ಕೊಡಲು ಹೋದಾಗ ಇಬ್ಬರ ಕೈಯಲ್ಲೂ ಇರುವುದು ಅದೊಂದೇ.

"ಕಂಪ್ಯೂಟರ್‌ನಲ್ಲಿ ಎಲ್ಲಾ ದಾಖಲಾಗಿರುತ್ತೆ ಅಲ್ವಾ, ಹುಡುಕಿದರೆ ಸಿಗುತ್ತೆ ಬಿಡಿ" ಎಂದು ಜನ ಧೈರ್ಯ ಹೇಳುತ್ತಾರೆ. ದಾಖಲಾಗಿರುವುದು ನಿಜ. ಆದರೆ ಅದು ಯಾರ ಕಂಪ್ಯೂಟರ್‌ನಲ್ಲಿದೆ, ಎಷ್ಟು ದಿನ ಇರುತ್ತದೆ, ಅದರ ಬೀಗದ ಕೈ ಯಾರ ಹತ್ತಿರ ಇದೆ? ಉಳಿದದ್ದೆಲ್ಲ ಈ ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಆ ಒಂದು ಪೋಸ್ಟ್‌ನ ಜಾಡು ಹಿಡಿದು ಹೊರಟರೆ ಕಂಪ್ಯೂಟರ್ ಫೊರೆನ್ಸಿಕ್ಸ್, ಅಂದರೆ ಕಂಪ್ಯೂಟರು ಫೋನುಗಳಲ್ಲಿ ಸಾಕ್ಷಿ ಹುಡುಕುವ ಕೆಲಸ, ಈಗ ಎಷ್ಟು ಕಠಿಣವಾಗಿದೆ ಎಂದು ಗೊತ್ತಾಗುತ್ತದೆ.

ಪೆಟ್ಟಿಗೆ ಕೈಗೆ ಸಿಗುತ್ತಿದ್ದ ಕಾಲ

ಹಳೇ ಪದ್ಧತಿಯಲ್ಲಿ ತನಿಖೆಯವರಿಗೆ ಒಂದು ಸಮಾಧಾನ ಇತ್ತು. ಸಾಕ್ಷಿ ಒಂದು ಪೆಟ್ಟಿಗೆಯೊಳಗೆ ಕೂತಿರುತ್ತಿತ್ತು. ಆ ಪೆಟ್ಟಿಗೆಯನ್ನು ಎತ್ತಿಕೊಂಡು ಬರಬಹುದಿತ್ತು. ಕಂಪ್ಯೂಟರ್ ಜಪ್ತಿ ಮಾಡಿ, ಹಾರ್ಡ್‌ಡಿಸ್ಕ್ ಬಿಚ್ಚಿ, ರೈಟ್ ಬ್ಲಾಕರ್ ಎಂಬ ಸಾಧನಕ್ಕೆ ಸಿಕ್ಕಿಸುತ್ತಿದ್ದರು. ಈ ಸಾಧನ ಡಿಸ್ಕಿನಿಂದ ಓದಲು ಬಿಡುತ್ತದೆ, ಅದರ ಮೇಲೆ ಒಂದಕ್ಷರವನ್ನೂ ಬರೆಯಲು ಬಿಡುವುದಿಲ್ಲ. ಆಮೇಲೆ ಒಂದು ಬಿಟ್ ಕೂಡ ಬಿಡದೆ ಇಡೀ ಡಿಸ್ಕನ್ನು ನಕಲು ಮಾಡುತ್ತಿದ್ದರು. ಖಾಲಿ ಎಂದು ಕಾಣುವ ಜಾಗವೂ ಆ ನಕಲಿನಲ್ಲಿ ಸೇರಿರುತ್ತದೆ. ಕೊನೆಗೆ ಮೂಲಕ್ಕೂ ನಕಲಿಗೂ ಹ್ಯಾಶ್ ಲೆಕ್ಕ ಹಾಕಿ, ಎರಡೂ ಒಂದೇ ಎಂದು ಬರೆದಿಡುತ್ತಿದ್ದರು. ಡಿಸ್ಕ್ ಸಿಕ್ಕರೆ ಈಗಲೂ ಹೀಗೇ ಮಾಡುತ್ತಾರೆ.

ಹ್ಯಾಶ್ ಅನ್ನುವುದು ಫೈಲಿನ ಬೆರಳಚ್ಚು. ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಎಷ್ಟೇ ದೊಡ್ಡ ಫೈಲ್ ಕೊಟ್ಟರೂ 64 ಅಕ್ಷರ, ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದು ಕಾಮಾ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಹಾಗಾಗಿ "ಜಪ್ತಿ ಆದ ಮೇಲೆ ಯಾರೋ ಒಳಗೆ ಏನೋ ಸೇರಿಸಿದ್ದಾರೆ" ಎಂಬ ವಾದ ಬಂದರೆ ಉತ್ತರ ಕೊಡಬಹುದು. ಎಲ್ಲಾ ಹ್ಯಾಶ್ ಲೆಕ್ಕಗಳೂ ಒಂದೇ ಸಮ ಗಟ್ಟಿಯಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ಬೇರೆ ಫೈಲುಗಳಿಗೆ ಬೇಕಂತಲೇ ಒಂದೇ ಹ್ಯಾಶ್ ಬರಿಸಬಹುದು ಎಂದು ಹಳೇ ಲೆಕ್ಕಗಳಾದ ಎಂಡಿ5 ವಿಷಯದಲ್ಲಿ 2004ರಲ್ಲಿ, ಎಸ್‌ಎಚ್‌ಎ-1 ವಿಷಯದಲ್ಲಿ 2017ರಲ್ಲಿ ಮಾಡಿ ತೋರಿಸಿದರು.

ಡಿಲೀಟ್ ಮಾಡಿದ ಫೈಲ್ ಮತ್ತೆ ಸಿಗುತ್ತಿದ್ದದ್ದು ಹೇಗೆ? ಹಳೇ ಹಾರ್ಡ್‌ಡಿಸ್ಕಿನಲ್ಲಿ ಡಿಲೀಟ್ ಒತ್ತಿದರೆ ಕಂಪ್ಯೂಟರ್ ಮನೆ ಕೆಡವುತ್ತಿರಲಿಲ್ಲ. ಬಾಗಿಲ ಮೇಲಿನ ಹೆಸರು ತೆಗೆದು "ಖಾಲಿ ಇದೆ" ಎಂದು ಬೋರ್ಡ್ ಹಾಕುತ್ತಿತ್ತು, ಅಷ್ಟೇ. ಹೊಸಬರು ಬಂದು ಸೇರುವ ತನಕ ಹಳೇ ಸಾಮಾನು ಒಳಗೇ ಇರುತ್ತಿತ್ತು. ಅಮೆರಿಕದ ವಿಚಿಟಾದಲ್ಲಿ 1974ರಿಂದ 10 ಜನರನ್ನು ಕೊಂದು, ಮೂವತ್ತು ವರ್ಷ ಸಿಗದೇ ಇದ್ದ ಡೆನಿಸ್ ರೇಡರ್ ಸಿಕ್ಕಿಬಿದ್ದದ್ದು ಹೀಗೆಯೇ. 2005ರಲ್ಲಿ ಅವನು ಒಂದು ಟಿವಿ ಚಾನೆಲ್‌ಗೆ ಫ್ಲಾಪಿ ಕಳಿಸಿದ. ಅದರಲ್ಲಿ ಅವನು ಡಿಲೀಟ್ ಮಾಡಿದ್ದ ಒಂದು ವರ್ಡ್ ಫೈಲ್ ಉಳಿದಿತ್ತು. ಫೈಲಿನ ಮೆಟಾಡೇಟಾದಲ್ಲಿ, ಅಂದರೆ ಫೈಲಿನ ಬಗ್ಗೆ ಕಂಪ್ಯೂಟರೇ ಬರೆದಿಡುವ ಮಾಹಿತಿಯಲ್ಲಿ, ಒಂದು ಚರ್ಚಿನ ಹೆಸರು, ಜೊತೆಗೆ "ಡೆನಿಸ್" ಎಂಬ ಹೆಸರು ಇತ್ತು. ಕೆಲವೇ ದಿನಗಳಲ್ಲಿ ಪೊಲೀಸರು ಅವನನ್ನು ಹಿಡಿದರು.

ಆ ಸೌಲಭ್ಯ ಈಗ ಸವೆದುಹೋಗುತ್ತಿದೆ. ಚಿಪ್‌ಗಳಿಂದ ಮಾಡಿದ ಹೊಸ ಥರದ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದೆ. ಯಾವ ಜಾಗ ಬೇಡವಾಗಿದೆ ಎಂದು ಕಂಪ್ಯೂಟರ್ ಹೇಳಿದರೆ ಡಿಸ್ಕ್ ತನ್ನ ಪಾಡಿಗೆ ಅದನ್ನು ಗುಡಿಸಿ ಹಾಕುತ್ತದೆ. ರೈಟ್ ಬ್ಲಾಕರ್ ಹಾಕಿದ್ದರೂ, ಕರೆಂಟ್ ಸಿಕ್ಕರೆ ಸಾಕು, ಒಳಗಿನ ಆ ಗುಡಿಸುವ ಕೆಲಸ ನಡೆಯುತ್ತಲೇ ಇರಬಹುದು. ಸಾಕ್ಷಿಯನ್ನು ಲ್ಯಾಬಿನ ಮೇಜಿನ ಮೇಲೆ ಇಟ್ಟುಕೊಂಡೇ ಕಳೆದುಕೊಳ್ಳುವ ಪರಿಸ್ಥಿತಿ ಇದು.

ಬೀಗ ಹಾಕಿದ ಫೋನ್

ನಮ್ಮ ಪೋಸ್ಟ್ ಬಂದದ್ದು ಬಹುಶಃ ಒಂದು ಫೋನಿನಿಂದ. ಅನುಮಾನ ಬಂದ ವ್ಯಕ್ತಿಯ ಫೋನ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಚಿಪ್ ಬಿಚ್ಚಿ ಓದಿದರೆ ಸಾಲದು. ಇವತ್ತಿನ ಫೋನಿನೊಳಗಿನ ಎಲ್ಲ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತಲಿಪಿಯಲ್ಲಿರುತ್ತದೆ. ಕೀಲಿ ಅರ್ಧ ಪ್ರೊಸೆಸರ್‌ನೊಳಗೆ, ಇನ್ನರ್ಧ ಮಾಲೀಕರ ಪಾಸ್‌ಕೋಡ್‌ನಲ್ಲಿ. ಬಿಚ್ಚಿದ ಚಿಪ್‌ನಿಂದ ಸಿಗುವುದು ಬರೀ ಗೋಜಲು.

ಇದು ಎಷ್ಟು ದೊಡ್ಡ ಜಗಳ ಆಗಬಹುದು ಎಂದು 2016ರಲ್ಲಿ ಜಗತ್ತೇ ನೋಡಿತು. ಹಿಂದಿನ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಗುಂಡಿನ ದಾಳಿ ನಡೆದು 14 ಜನ ಸತ್ತಿದ್ದರು. ದಾಳಿ ಮಾಡಿದವನ ಐಫೋನ್ 5ಸಿ ಎಫ್‌ಬಿಐ ಕೈಯಲ್ಲಿತ್ತು. 10 ಸಲ ತಪ್ಪು ಪಾಸ್‌ಕೋಡ್ ಹಾಕಿದರೆ ಎಲ್ಲವೂ ಅಳಿಸಿಹೋಗುವ ಭಯವಿತ್ತು. ಆ ಅಡ್ಡಿಯನ್ನು ತೆಗೆಯುವ ಸಾಫ್ಟ್‌ವೇರ್ ಬರೆದುಕೊಡಿ ಎಂದು ನ್ಯಾಯಾಲಯ ಆ್ಯಪಲ್‌ಗೆ ಹೇಳಿತು. ಒಂದು ಫೋನಿಗೆ ಮಾಡಿದ ಕೀಲಿ ಎಲ್ಲಾ ಫೋನಿಗೂ ಅಪಾಯ ಎಂದು ಆ್ಯಪಲ್ ಒಪ್ಪಲಿಲ್ಲ. ಕೊನೆಗೆ ಮಾರ್ಚ್‌ನಲ್ಲಿ ಎಫ್‌ಬಿಐ ಬೇರೆಯವರ ಸಹಾಯದಿಂದ ಬೀಗ ತೆಗೆಸಿ, ಮೊಕದ್ದಮೆಯಿಂದ ಹಿಂದೆ ಸರಿಯಿತು. ಮೂಲ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ. ಇಬ್ಬರ ವಾದದಲ್ಲೂ ನಿಜ ಇದೆ ಎಂದೇ ನನಗೆ ಈಗಲೂ ಅನಿಸುತ್ತದೆ.

ಫೋನ್ ಯಾವ ಸ್ಥಿತಿಯಲ್ಲಿ ಸಿಕ್ಕಿತು ಎನ್ನುವುದೂ ಮುಖ್ಯ. ಆನ್ ಮಾಡಿದ ಮೇಲೆ ಒಮ್ಮೆಯಾದರೂ ಪಾಸ್‌ಕೋಡ್ ಹಾಕಿ ತೆರೆದಿದ್ದರೆ, ಸ್ಕ್ರೀನ್ ಲಾಕ್ ಆಗಿದ್ದರೂ ಹಲವು ಕೀಲಿಗಳು ಮೆಮೊರಿಯಲ್ಲಿ ಇರುತ್ತವೆ. ಆಗ ತಜ್ಞರ ಸಾಧನಗಳಿಗೆ ಸ್ವಲ್ಪ ಜಾಸ್ತಿ ಅವಕಾಶ. ಫೋನ್ ರೀಸ್ಟಾರ್ಟ್ ಆಗಿ ಇನ್ನೂ ಒಮ್ಮೆಯೂ ತೆರೆದಿಲ್ಲದಿದ್ದರೆ ಆ ಕೀಲಿಗಳು ಇರುವುದಿಲ್ಲ. 2024ರಿಂದ ಐಫೋನ್‌ಗಳು ಸುಮಾರು 3 ದಿನ ಯಾರೂ ತೆರೆಯದಿದ್ದರೆ ತಾವೇ ರೀಸ್ಟಾರ್ಟ್ ಆಗುತ್ತವೆ. 2025ರಲ್ಲಿ ಆಂಡ್ರಾಯ್ಡ್‌ಗೂ ಇಂಥದೇ ವ್ಯವಸ್ಥೆ ಬಂತು. ಕಳ್ಳರ ಕೈಗೆ ಸಿಕ್ಕ ಫೋನಿನ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಲ್ಯಾಬಿನ ಸರದಿಯಲ್ಲಿ ಕಾಯುತ್ತಾ ಬಿದ್ದಿರುವ ಫೋನೂ ಅದೇ ಲೆಕ್ಕದಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ಇನ್ನೊಂದು ಕಡೆ, ನೆಟ್‌ವರ್ಕ್ ಸಿಕ್ಕರೆ ದೂರದಿಂದಲೇ ಯಾರಾದರೂ ಫೋನನ್ನು ಪೂರ್ತಿ ಅಳಿಸಿಹಾಕಬಹುದು. ಅದಕ್ಕೇ ಸಿಕ್ಕ ತಕ್ಷಣ ಅದನ್ನು ಸಿಗ್ನಲ್ ತಡೆಯುವ ಫ್ಯಾರಡೆ ಚೀಲದಲ್ಲಿ ಹಾಕುತ್ತಾರೆ. ಚೀಲದೊಳಗೆ ಫೋನ್ ಸಿಗ್ನಲ್ ಹುಡುಕುತ್ತಾ ಬ್ಯಾಟರಿ ಬೇಗ ಮುಗಿಸಿಕೊಳ್ಳುತ್ತದೆ, ಬ್ಯಾಟರಿ ಮುಗಿದು ಆಫ್ ಆದರೆ ಮತ್ತೆ ಅದೇ ತೊಂದರೆ. ಹೀಗಾಗಿ ಚಾರ್ಜ್ ಕೊಡುವ ಏರ್ಪಾಡೂ ಬೇಕು.

ಬೀಗ ತೆಗೆದ ಮೇಲೆ ನಿಜವಾದ ಹುಡುಕಾಟ ಶುರು. ಚಾಟ್ ಆ್ಯಪ್‌ಗಳು ಮೆಸೇಜ್‌ಗಳನ್ನು ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಇಡುತ್ತವೆ. ಅಲ್ಲಿ ಒಂದು ಸಾಲು ಅಳಿಸಿದರೆ ಆ ಜಾಗಕ್ಕೆ ಖಾಲಿ ಎಂದು ಗುರುತು ಬೀಳುತ್ತದೆ, ಬರಹ ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ಮುಖ್ಯ ಫೈಲಿಗೆ ಇನ್ನೂ ಸೇರದ ಹೊಸ ಬದಲಾವಣೆಗಳು ಪಕ್ಕದ ಇನ್ನೊಂದು ಫೈಲಿನಲ್ಲಿ ಇರುತ್ತವೆ. ಫೋಟೊ ಅಳಿಸಿದರೂ ಅದರ ಚಿಕ್ಕ ಪ್ರತಿ, ಅಂದರೆ ಥಂಬ್‌ನೇಲ್, ಬೇರೆ ಕಡೆ ಸಿಗಬಹುದು. ನೋಟಿಫಿಕೇಶನ್‌ನಲ್ಲಿ ಕಂಡ ಒಂದು ಸಾಲು ಉಳಿದಿರಬಹುದು. ಹಳೇ ಕಾಲದ "ಖಾಲಿ ಮನೆಯ ಸಾಮಾನು" ಈಗ ಇಂಥ ಮೂಲೆಗಳಲ್ಲಿದೆ. ಈ ಕೆಲಸಕ್ಕೆ ತಾಳ್ಮೆ ಬೇಕು, ಒಂದೊಂದು ಆ್ಯಪ್ ಬಗ್ಗೆಯೂ ಬೇರೆ ಬೇರೆ ತಿಳಿವಳಿಕೆ ಬೇಕು. ಆ್ಯಪ್ ಅಪ್‌ಡೇಟ್ ಆದಾಗ ಒಳಗಿನ ಜೋಡಣೆಯೂ ಬದಲಾಗಬಹುದು. ಕಳೆದ ವರ್ಷ ಕಲಿತದ್ದು ಈ ವರ್ಷ ಹಳತಾಗುತ್ತದೆ. ಇದರ ಮೇಲೆ ತಾವೇ ಅಳಿಯುವ ಮೆಸೇಜ್‌ಗಳು ಬೇರೆ. ವಾಟ್ಸ್‌ಆ್ಯಪ್‌ನಲ್ಲಿ 2020ರಲ್ಲಿ 7 ದಿನಕ್ಕೆ ಅಳಿಯುವ ಮೆಸೇಜ್ ಬಂತು, ಮರುವರ್ಷ 24 ಗಂಟೆಯ ಆಯ್ಕೆಯೂ ಬಂತು.

ಬೇರೆಯವರ ಮನೆಯ ಸರ್ವರ್

ಫೋನ್ ಸಿಗದಿದ್ದರೆ? ಪೋಸ್ಟ್ ಇದ್ದದ್ದು ಕಂಪನಿಯ ಸರ್ವರ್‌ನಲ್ಲಿ. ಆ ಸರ್ವರ್ ಇನ್ನೊಂದು ದೇಶದಲ್ಲಿರಬಹುದು, ಒಂದೇ ಅಕೌಂಟ್‌ನ ಮಾಹಿತಿ ಹಲವು ದೇಶಗಳಲ್ಲಿ ಹರಡಿರಬಹುದು. ಅಲ್ಲಿಗೆ ಹೋಗಿ ಡಿಸ್ಕ್ ಬಿಚ್ಚುವ ಹಾಗಿಲ್ಲ. ಕೋಟ್ಯಂತರ ಜನರ ಬದುಕು ಅದರಲ್ಲಿದೆ. ಹಾಗಾಗಿ ಕೇಳಿ ಪಡೆಯಬೇಕು.

ಯಾವ ದೇಶದ ಕಾನೂನಿನಂತೆ ಕೇಳಬೇಕು ಎಂಬುದೇ ಒಂದು ದೊಡ್ಡ ಗಂಟು. 2013ರಲ್ಲಿ ಅಮೆರಿಕದ ತನಿಖೆಯವರು ಒಂದು ಈಮೇಲ್ ಅಕೌಂಟ್‌ಗಾಗಿ ಮೈಕ್ರೋಸಾಫ್ಟ್‌ಗೆ ವಾರಂಟ್ ಕೊಟ್ಟರು. ಈಮೇಲ್‌ಗಳು ಇದ್ದದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅಮೆರಿಕದ ವಾರಂಟ್ ಅಲ್ಲಿಗೆ ಮುಟ್ಟುವುದಿಲ್ಲ ಎಂದು ಕಂಪನಿ ವಾದಿಸಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟ್‌ನಲ್ಲಿ ಇರುವಾಗಲೇ, 2018ರ ಮಾರ್ಚ್‌ನಲ್ಲಿ, ಅಲ್ಲಿನ ಸಂಸತ್ತು ಕ್ಲೌಡ್ ಕಾಯ್ದೆ ಮಾಡಿ ನಿಯಮವನ್ನೇ ಬದಲಿಸಿತು. ಆ ತನಿಖೆ ಒಂದು ಉತ್ತರಕ್ಕಾಗಿ ನಾಲ್ಕು ವರ್ಷಕ್ಕೂ ಜಾಸ್ತಿ ಕಾದಿತ್ತು. ಸೈಬರ್ ಅಪರಾಧದಲ್ಲಿ ದೇಶಗಳು ಪರಸ್ಪರ ಸಹಾಯ ಮಾಡಲು ಬುಡಾಪೆಸ್ಟ್ ಒಪ್ಪಂದ 2001ರಿಂದ ಇದೆ, ಆದರೆ ಎಲ್ಲ ದೇಶಗಳೂ ಅದರಲ್ಲಿಲ್ಲ. ಆ ಒಪ್ಪಂದದಲ್ಲಿ ಒಂದು ಉಪಯೋಗದ ಮಾತಿದೆ. ಮಾಹಿತಿ ಕೊಡುವ ವಿಚಾರ ಆಮೇಲೆ ನೋಡೋಣ, ಸದ್ಯಕ್ಕೆ 90 ದಿನಗಳವರೆಗೆ ಅಳಿಸದೆ ಇಟ್ಟುಕೊಳ್ಳಿ ಎಂದು ಕೇಳುವ ದಾರಿ ಅದು. ನಮ್ಮ ಯುವತಿಯ ದೂರಿನಲ್ಲಿ ಮೊದಲ ದಿನವೇ ಆಗಬೇಕಾದ ಕೆಲಸ ಇದೇ. ಇದು ತಡವಾದರೆ ಮುಂದಿನದೆಲ್ಲ ವ್ಯರ್ಥ.

ಕೇಳಿದರೂ ಕಂಪನಿಯ ಬಳಿ ಇಲ್ಲದ್ದನ್ನು ಅದು ಕೊಡಲಾರದು. ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ತಂದಿತು. ಮೆಸೇಜ್‌ನ ಕೀಲಿ ಕಳಿಸಿದವರ, ಪಡೆದವರ ಫೋನಿನಲ್ಲಿ ಮಾತ್ರ. ಅದೇ ವರ್ಷ ಅಮೆರಿಕದ ಒಂದು ತನಿಖೆಯಲ್ಲಿ ಸಿಗ್ನಲ್ ಎಂಬ ಚಾಟ್ ಆ್ಯಪ್ ನಡೆಸುವ ಸಂಸ್ಥೆಗೆ ಮಾಹಿತಿ ಕೊಡುವಂತೆ ಆದೇಶ ಬಂದಾಗ ಅವರ ಹತ್ತಿರ ಕೊಡಲು ಇದ್ದದ್ದು ಎರಡೇ: ಅಕೌಂಟ್ ಶುರುವಾದ ಸಮಯ, ಕೊನೆಯ ಸಲ ಸರ್ವರ್‌ಗೆ ಸೇರಿದ ಸಮಯ.

ಸಾರ್ವಜನಿಕ ಪೋಸ್ಟ್ ಆದ್ದರಿಂದ ನಮ್ಮ ಉದಾಹರಣೆಯಲ್ಲಿ ಕಂಪನಿ ಸ್ವಲ್ಪ ಜಾಸ್ತಿ ಕೊಡಬಹುದು. ಮುಖ್ಯವಾದದ್ದು ಲಾಗಿನ್ ಆದ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಆ ಸಂಪರ್ಕಕ್ಕಿರುವ ಸಂಖ್ಯೆ. ಇಲ್ಲೂ ಒಂದು ತೊಡಕಿದೆ. ಹಳೇ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ, ಫೋನು ಕಂಪ್ಯೂಟರುಗಳು ಅದಕ್ಕಿಂತ ಜಾಸ್ತಿ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಒಂದೇ ಹೊತ್ತಿಗೆ ನೂರಾರು ಜನರಿಗೆ ಹಂಚುತ್ತವೆ. ಅವರಲ್ಲಿ ಒಬ್ಬರನ್ನು ಗುರುತಿಸಲು ಪೋರ್ಟ್ ನಂಬರ್ (ಒಂದೇ ವಿಳಾಸದೊಳಗೆ ಒಂದೊಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮತ್ತು ಸೆಕೆಂಡಿನ ಲೆಕ್ಕದ ಸಮಯ ಬೇಕು. ಪೋರ್ಟ್ ನಂಬರ್ ಬರೆದಿಡದ ಸೈಟುಗಳು ಬಹಳ. ತಮ್ಮ ವಿಳಾಸದ ಬದಲು ಬೇರೆ ಸರ್ವರ್‌ನ ವಿಳಾಸ ತೋರಿಸುವ ವಿಪಿಎನ್ ಬಳಸಿದ್ದರೆ ಜಾಡು ಇನ್ನೊಂದು ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಗಡಿಯಾರಗಳ ಗೊಂದಲ

ಸೆಕೆಂಡಿನ ಲೆಕ್ಕ ಬೇಕು ಎಂದೆನಲ್ಲ, ಅದೇ ಒಂದು ಪರೀಕ್ಷೆ. ಯಂತ್ರಗಳು ಸಮಯವನ್ನು ಒಂದು ದೊಡ್ಡ ಸಂಖ್ಯೆಯಾಗಿ ಇಡುತ್ತವೆ, ಮತ್ತು ಎಣಿಕೆ ಎಲ್ಲಿಂದ ಶುರು ಎನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್ ಮೆಸೇಜ್‌ನ ಸಮಯ 1970ರ ಜನವರಿ 1ರಿಂದ ಎಣಿಸಿದ್ದು. ಅದೇ ಮೆಸೇಜ್ ಐಫೋನಿನಲ್ಲಿ 2001ರ ಜನವರಿ 1ರಿಂದ ಎಣಿಸಿದ್ದು. ಕ್ರೋಮ್ ಬ್ರೌಸರ್‌ನ ಹಿಸ್ಟರಿ 1601ನೇ ಇಸವಿಯಿಂದ ಎಣಿಸುತ್ತದೆ. ಮೊದಲ ಎರಡರಲ್ಲಿ ಒಂದರ ಬದಲು ಇನ್ನೊಂದು ಹಿಡಿದರೆ 31 ವರ್ಷ ಆಚೀಚೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ ಬಿಡಿ. ಕಣ್ಣಿಗೆ ಬೀಳದೆ ಕಾಡುವುದು ಟೈಮ್ ಝೋನ್‌ನ ಕೆಲವು ಗಂಟೆಗಳ ವ್ಯತ್ಯಾಸ. ರಾತ್ರಿ 11 ಗಂಟೆಗೆ ಒಬ್ಬರು ಎಲ್ಲಿದ್ದರು ಎಂಬುದರ ಮೇಲೆ ಇಡೀ ಮೊಕದ್ದಮೆ ನಿಂತಿದ್ದರೆ, ಆ ಕೆಲವು ಗಂಟೆ ಅಮಾಯಕರನ್ನು ಸಿಕ್ಕಿಹಾಕಿಸಬಹುದು.

ಒಂದು ಸಂತೋಷದ ವಿಷಯವೂ ಇಲ್ಲಿದೆ. ನಮ್ಮ ಪೋಸ್ಟ್ ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ ಬಂದಿತ್ತು ಎಂದುಕೊಳ್ಳಿ. ಅಲ್ಲಿ ಪ್ರತಿ ಪೋಸ್ಟ್‌ನ ಲಿಂಕ್‌ನ ಕೊನೆಗೆ ಒಂದು ಉದ್ದ ಸಂಖ್ಯೆ ಇರುತ್ತದೆ. 2010ರ ನವೆಂಬರ್‌ನಿಂದ ಈಚೆಗೆ ಆ ಸಂಖ್ಯೆಯೊಳಗೇ ಸಮಯ ಅಡಗಿದೆ. ಅದನ್ನು 41,94,304ರಿಂದ ಭಾಗಿಸಿ, ಶೇಷ ಬಿಟ್ಟು, 1288834974657 ಕೂಡಿಸಿದರೆ ಪೋಸ್ಟ್ ಹಾಕಿದ ಕ್ಷಣ ಮಿಲಿಸೆಕೆಂಡ್ ಲೆಕ್ಕದಲ್ಲಿ ಸಿಗುತ್ತದೆ, 1970ರಿಂದ ಎಣಿಸಿದ ಹಾಗೆ. ಪೋಸ್ಟ್ ಅಳಿಸಿಹೋಗಿದ್ದರೂ ಪರವಾಗಿಲ್ಲ, ಲಿಂಕ್ ಇದ್ದರೆ ಸಾಕು. ಆ ಲಿಂಕ್ ಎಲ್ಲಿ ಸಿಗುತ್ತದೆ? ಗೆಳತಿ ಬ್ರೌಸರ್‌ನಲ್ಲಿ ಪೋಸ್ಟ್ ತೆರೆದಿದ್ದರೆ ಅವಳ ಹಿಸ್ಟರಿಯಲ್ಲಿ. ಸ್ಕ್ರೀನ್‌ಶಾಟ್‌ಗಿಂತ ಗಟ್ಟಿಯಾದ ಪುರಾವೆ ಅವಳ ಫೋನಿನಲ್ಲೇ ಇದ್ದು, ಅದು ಅವಳಿಗೆ ಗೊತ್ತೇ ಇರುವುದಿಲ್ಲ.

ಸ್ಕ್ರೀನ್‌ಶಾಟ್ ಯಾಕೆ ಸಾಲದು

ಯಾವುದೇ ವೆಬ್ ಪುಟವನ್ನು ಕಂಪ್ಯೂಟರ್ ಬ್ರೌಸರ್‌ನಲ್ಲಿ ತೆರೆದು, ಇನ್‌ಸ್ಪೆಕ್ಟ್ ಎಂಬ ಆಯ್ಕೆ ಒತ್ತಿ, ಅಲ್ಲಿರುವ ಅಕ್ಷರಗಳನ್ನು ಬೇಕಾದ ಹಾಗೆ ತಿದ್ದಬಹುದು. ಒಂದು ನಿಮಿಷದ ಕೆಲಸ. ಆಮೇಲೆ ತೆಗೆದ ಸ್ಕ್ರೀನ್‌ಶಾಟ್ ನೋಡಲು ಪಕ್ಕಾ ಅಸಲಿ. ಎದುರು ಪಕ್ಷದ ವಕೀಲರು ಇದನ್ನೇ ಹೇಳುತ್ತಾರೆ, ಹೇಳಲೂ ಬೇಕು. ಸುಳ್ಳು ಸ್ಕ್ರೀನ್‌ಶಾಟ್‌ನಿಂದ ಒಬ್ಬರ ಬದುಕು ಹಾಳಾಗಬಾರದು ಅಲ್ವಾ?

ಫೋಟೊಗಳ ಕಥೆಯೂ ಹೀಗೆಯೇ. ಕ್ಯಾಮೆರಾದಿಂದ ಬಂದ ಫೋಟೊದಲ್ಲಿ ತೆಗೆದ ಸಮಯ, ಫೋನಿನ ಮಾದರಿ, ಕೆಲವೊಮ್ಮೆ ಜಾಗವೂ ಇರುತ್ತದೆ. 2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ, ಮ್ಯಾಕಫಿ ಆ್ಯಂಟಿವೈರಸ್ ಕಂಪನಿ ಶುರು ಮಾಡಿದ ಜಾನ್ ಮ್ಯಾಕಫಿ ಗ್ವಾಟೆಮಾಲದಲ್ಲಿದ್ದಾರೆ ಎಂದು ಹೊರಬಿದ್ದದ್ದು ಒಂದು ಪತ್ರಿಕೆ ಹಾಕಿದ ಫೋಟೊದಲ್ಲಿ ಉಳಿದಿದ್ದ ಜಿಪಿಎಸ್ ಅಂಕಿಗಳಿಂದ. ಆದರೆ ದೊಡ್ಡ ಸೋಷಿಯಲ್ ಮೀಡಿಯಾ ಸೈಟುಗಳು ಈ ಮಾಹಿತಿಯನ್ನು ತೆಗೆದುಹಾಕಿ, ಫೋಟೊವನ್ನು ಮತ್ತೆ ಒತ್ತಿ ಚಿಕ್ಕದು ಮಾಡುತ್ತವೆ. ಜನರ ಖಾಸಗಿತನಕ್ಕೆ ಇದು ಒಳ್ಳೆಯದು, ತನಿಖೆಗೆ ನಷ್ಟ. ಒತ್ತಿ ಚಿಕ್ಕದು ಮಾಡಿದಾಗ ಹ್ಯಾಶ್ ಕೂಡ ಬದಲಾಗುತ್ತದೆ. ಒಂದೇ ಫೋಟೊ ಹತ್ತು ಗ್ರೂಪ್ ಸುತ್ತಿ ಬಂದರೆ ಹತ್ತು ಬೆರಳಚ್ಚು. ಇದಕ್ಕೆ ಬೇರೆ ಥರದ ಹ್ಯಾಶ್ ಇದೆ, ಅದು ಚಿತ್ರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಅಳೆಯುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಪತ್ತೆ ಮಾಡಲು 2009ರಲ್ಲಿ ಬಂದ ಫೋಟೊಡಿಎನ್‌ಎ ಇಂಥದ್ದು. "ಇದೂ ಅದೂ ಒಂದೇ ಚಿತ್ರ" ಎಂದು ಅದು ಹೇಳಬಲ್ಲದು. ಮೊದಲು ಹಾಕಿದವರು ಯಾರು ಎಂದು ಹೇಳಲಾರದು.

ಹಾಗಾದರೆ ತೊಂದರೆಗೆ ಸಿಕ್ಕವರು ಏನು ಮಾಡಬೇಕು? ಸ್ಕ್ರೀನ್‌ಶಾಟ್ ತೆಗೆಯಿರಿ, ಬೇಡ ಅನ್ನುವುದಿಲ್ಲ. ಜೊತೆಗೆ ಪೋಸ್ಟ್‌ನ ಲಿಂಕ್ ಮತ್ತು ಪ್ರೊಫೈಲ್‌ನ ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ. ಅಕೌಂಟ್‌ನ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು, ಅದರ ಹಿಂದಿರುವ ಐಡಿ ಸಂಖ್ಯೆ ಬದಲಾಗುವುದಿಲ್ಲ. ಚಾಟ್ ಅಳಿಸಬೇಡಿ, ಆ್ಯಪ್ ತೆಗೆಯಬೇಡಿ, ಫೋನ್ ರೀಸೆಟ್ ಮಾಡಬೇಡಿ. ಅಸಹ್ಯವಾಗಿ, ಸಿಟ್ಟು ಬಂದು ಎಲ್ಲವನ್ನೂ ಅಳಿಸಿಬಿಡೋಣ ಅನಿಸುವುದು ಸಹಜ. ಆದರೆ ಮೂಲ ಮೆಸೇಜ್ ನಿಮ್ಮ ಫೋನಿನಲ್ಲಿ ಹಾಗೇ ಇದ್ದರೆ ಅದಕ್ಕಿರುವ ಬೆಲೆ ಯಾವ ಸ್ಕ್ರೀನ್‌ಶಾಟ್‌ಗೂ ಇಲ್ಲ.

ಸೈಟುಗಳು ತಾವೇ ಅಳಿಸುವುದು ಇನ್ನೊಂದು ನೋವಿನ ವಿಷಯ. 2017ರಲ್ಲಿ ಯೂಟ್ಯೂಬ್‌ನ ಯಾಂತ್ರಿಕ ಸೋಸುವಿಕೆ ಸಿರಿಯಾ ಯುದ್ಧದ ಸಾವಿರಾರು ವಿಡಿಯೊಗಳನ್ನು ಉಗ್ರರ ಪ್ರಚಾರ ಎಂದು ತಿಳಿದು ತೆಗೆದುಹಾಕಿತು. ಅವುಗಳಲ್ಲಿ ಅನೇಕ ವಿಡಿಯೊಗಳು ಅಲ್ಲಿನ ಜನ ಜೀವ ಪಣಕ್ಕಿಟ್ಟು ತೆಗೆದ ಸಾಕ್ಷಿಗಳು. ಅದೇ ವರ್ಷದ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಕಮಾಂಡರ್ ಮಹಮೂದ್ ಅಲ್-ವೆರ್ಫಲ್ಲಿ ಮೇಲೆ ಬಂಧನ ವಾರಂಟ್ ಹೊರಡಿಸಿತು, ಅದರ ಮುಖ್ಯ ಆಧಾರ ಸೋಷಿಯಲ್ ಮೀಡಿಯಾದಲ್ಲಿ ಹರಿದಾಡಿದ ವಿಡಿಯೊಗಳು. ಒಂದೇ ಬಗೆಯ ವಿಡಿಯೊ, ಒಂದು ಕಡೆ ಕಸ, ಇನ್ನೊಂದು ಕಡೆ ನ್ಯಾಯದ ಬುನಾದಿ. ಇಂಥದ್ದನ್ನು ಹೇಗೆ ಕಾಪಾಡಬೇಕು, ಹೇಗೆ ಪರಿಶೀಲಿಸಬೇಕು ಎಂದು 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಮತ್ತು ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿ ಬರ್ಕ್ಲಿ ಪ್ರೋಟೊಕಾಲ್ ಎಂಬ ಮಾರ್ಗಸೂಚಿ ತಂದವು.

ಡೀಪ್‌ಫೇಕ್, ಅಂದರೆ ಎಐ ಬಳಸಿ ಮಾಡಿದ ಸುಳ್ಳು ವಿಡಿಯೊಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನು ಒಂದೇ ಮಾತು ಸೇರಿಸುತ್ತೇನೆ. ಸುಳ್ಳು ವಿಡಿಯೊವನ್ನು ನಿಜ ಎಂದು ನಂಬುವುದು ಎಷ್ಟು ಅಪಾಯವೋ, ನಿಜವಾದ ವಿಡಿಯೊದಲ್ಲಿ ಸಿಕ್ಕಿಬಿದ್ದವರು "ಇದು ಎಐ ಮಾಡಿದ್ದು" ಎಂದು ಜಾರಿಕೊಳ್ಳುವುದೂ ಅಷ್ಟೇ ಅಪಾಯ.

ಬೆರಳು ಯಾರದು?

ಎಲ್ಲ ಸರಿಯಾಗಿ ನಡೆದು ಒಂದು ಫೋನಿಗೆ ಬಂದು ನಿಂತೆವು ಎನ್ನೋಣ. ಇನ್ನೂ ಒಂದು ಹೆಜ್ಜೆ ಉಳಿದಿದೆ. 2011ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಒಂದು ಕೊಲೆ ಮೊಕದ್ದಮೆಯ ಶಿಕ್ಷೆಯನ್ನು ರದ್ದು ಮಾಡಿ, ಮತ್ತೆ ವಿಚಾರಣೆ ನಡೆಸಲು ಹೇಳಿತು. ಅಲ್ಲಿ ಮೈಸ್ಪೇಸ್ ಎಂಬ ಸೋಷಿಯಲ್ ಮೀಡಿಯಾ ಸೈಟಿನ ಪುಟದ ಪ್ರಿಂಟ್ ಒಂದನ್ನು ಸಾಕ್ಷಿಯಾಗಿ ತಂದಿದ್ದರು. ಪುಟದಲ್ಲಿ ಒಬ್ಬರ ಫೋಟೊ, ಹುಟ್ಟಿದ ದಿನ, ಊರು ಎಲ್ಲ ಇತ್ತು. ಅಷ್ಟರಿಂದ ಅವರೇ ಅದನ್ನು ಬರೆದರು ಎಂದಾಗುವುದಿಲ್ಲ, ಬೇರೆಯವರೂ ಅಂಥ ಪುಟ ಮಾಡಬಹುದು ಎಂದು ನ್ಯಾಯಾಲಯ ಹೇಳಿತು. ಅವರ ಕಂಪ್ಯೂಟರ್ ನೋಡಬಹುದಿತ್ತು, ಕಂಪನಿಯನ್ನು ಕೇಳಬಹುದಿತ್ತು ಎಂದು ದಾರಿಯನ್ನೂ ತೋರಿಸಿತು.

ಫೋನ್ ತನ್ನ ದಿನಚರಿಯನ್ನು ಒಂದಿಷ್ಟು ಬರೆದಿಟ್ಟುಕೊಳ್ಳುತ್ತದೆ. ಯಾವಾಗ ಅನ್‌ಲಾಕ್ ಆಯಿತು, ಯಾವ ಆ್ಯಪ್ ತೆರೆದಿತ್ತು, ಚಾರ್ಜರ್ ಸಿಕ್ಕಿಸಿತ್ತೇ ಎಂಬಂಥ ಸಣ್ಣ ಸಣ್ಣ ಸಂಗತಿಗಳು. ಪೋಸ್ಟ್ ಹಾಕಿದ ಕ್ಷಣದಲ್ಲಿ ಆ ಆ್ಯಪ್ ತೆರೆದಿತ್ತು, ಮರುನಿಮಿಷದಲ್ಲಿ ಅದೇ ಫೋನಿನಿಂದ ಮಾಲೀಕರು ಮನೆಯವರಿಗೆ ಕರೆ ಮಾಡಿದ್ದರು ಎಂದು ಕಂಡರೆ ಕೊಂಡಿ ಗಟ್ಟಿಯಾಗುತ್ತದೆ. ಈ ದಿನಚರಿಯ ಎಷ್ಟೋ ಭಾಗ ಕೆಲವು ವಾರಗಳಷ್ಟೇ ಉಳಿಯುತ್ತದೆ. ಇದನ್ನು ಓದುವಾಗ ತಜ್ಞರ ಕಣ್ಣೆದುರು ಆ ಒಂದು ರಾತ್ರಿ ಮಾತ್ರ ಇರುವುದಿಲ್ಲ. ಒಬ್ಬರ ಕಾಯಿಲೆ, ಪ್ರೀತಿ, ಸಾಲ, ಅವರ ಜೊತೆ ಮಾತಾಡಿದ ನೂರಾರು ಜನರ ಗುಟ್ಟು ಎಲ್ಲವೂ ತೆರೆದುಕೊಳ್ಳುತ್ತದೆ. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಂಧಿತರ ಫೋನ್ ನೋಡಲೂ ವಾರಂಟ್ ಬೇಕು ಎಂದು ಒಮ್ಮತದಿಂದ ಹೇಳಿದ್ದು ಇದಕ್ಕೇ. ಪ್ರಕರಣಕ್ಕೆ ಸಂಬಂಧಿಸಿದ ದಿನ, ಆ್ಯಪ್‌ಗಳಿಗೆ ಮಾತ್ರ ಹುಡುಕಾಟವನ್ನು ಕಟ್ಟಿಹಾಕಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ನಮ್ಮ ಉದಾಹರಣೆಯಲ್ಲಿ ಫೋನ್ ಸಿಕ್ಕಿದ್ದು ಆರು ವಾರದ ನಂತರ ಎಂದುಕೊಳ್ಳಿ. ದಿನಚರಿ ಅಳಿದಿದೆ. ಉಳಿದಿರುವುದು ಆ ಫೋಟೊದ ಒಂದು ಥಂಬ್‌ನೇಲ್, ಗೆಳತಿಯ ಬ್ರೌಸರ್‌ನಲ್ಲಿದ್ದ ಲಿಂಕ್, ಕಂಪನಿ ಕೊಟ್ಟ ಲಾಗಿನ್ ದಾಖಲೆ. ಒಳ್ಳೆಯ ತಜ್ಞರ ವರದಿ ಆಗ ಹೀಗಿರುತ್ತದೆ: ಈ ಪೋಸ್ಟ್ ಈ ಕ್ಷಣದಲ್ಲಿ ಬಂದಿದೆ, ಆ ಹೊತ್ತಿಗೆ ಆ ಅಕೌಂಟ್ ಈ ಮೊಬೈಲ್ ಸಂಪರ್ಕದಿಂದ ಲಾಗಿನ್ ಆಗಿತ್ತು, ಅದೇ ಚಿತ್ರದ ಚಿಕ್ಕ ಪ್ರತಿ ಈ ಫೋನಿನಲ್ಲಿ ಸಿಕ್ಕಿದೆ, ಆ ಕ್ಷಣ ಫೋನ್ ಯಾರ ಕೈಯಲ್ಲಿತ್ತು ಎಂಬುದನ್ನು ಈ ಸಾಧನದಲ್ಲಿ ಉಳಿದಿರುವ ಮಾಹಿತಿಯಿಂದ ಹೇಳಲಾಗುವುದಿಲ್ಲ.